ಗೋಡೆಯ ಮೇಲಿನ ಓದುಗರು

ಹೆಸರು ಬರೆಸುವುದೆಂದರೆ ನಮ್ಮ ಕಡೆಯವರಿಗೆ ಒಂದು ಚಟ. ಸಮುದಾಯ ಭವನದ ಫ್ಯಾನಿನ ಮೂರು ರೆಕ್ಕೆಯ ಮೇಲೂ ಕೊಟ್ಟವರ ಹೆಸರಿರುತ್ತದೆ, ಕರೆಂಟು ಹೋದಾಗ ಓದಿಕೊಳ್ಳಬೇಕು. ಮದುವೆಯಲ್ಲಿ ಉಡುಗೊರೆ ಬಂದ ಸ್ಟೀಲ್ ಚೊಂಬಿನ ಕುತ್ತಿಗೆಯಲ್ಲಿ ಹೆಸರು, ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ತೀರಿಹೋದವರ ಹೆಸರು, ಶಾಲೆಯ ಕಬ್ಬಿಣದ ಬೀರುವಿನ ಬಾಗಿಲಿಗೆ ಹೆಸರು. ಬರೆಯದೆ ಬಿಟ್ಟರೆ ಮೂರು ವರ್ಷ ಮಾತು ಬಿಡುತ್ತಾರೆ. ಅಂಥ ಊರಿನಲ್ಲಿ ಹುಟ್ಟಿ ಬೆಳೆದವಳಿಗೆ, ಒಬ್ಬರ ಹೆಸರನ್ನು ಗೋಡೆಗೆ ಬರೆದರೆ ಅವರಿಗೆ ಕೇಡಾಗಬಹುದು ಅಂತ ತೋಚುವುದಾದರೂ ಹೇಗೆ? ಈಗ ನನಗೆ ನಾನೇ ಹೀಗೆ ಸಮಾಧಾನ ಹೇಳಿಕೊಳ್ಳುತ್ತೇನೆ. ಸಮಾಧಾನ ಆಗುವುದಿಲ್ಲ.

ನಾನು ಕೊಪ್ಪ ತಾಲ್ಲೂಕಿನ ಒಂದು ಪಂಚಾಯಿತಿ ಲೈಬ್ರರಿಯ ಮೇಲ್ವಿಚಾರಕಿ. ಮೇಲ್ವಿಚಾರಕಿ ಅಂದರೆ ದೊಡ್ಡ ಹುದ್ದೆ ಅಂದುಕೊಳ್ಳಬೇಡಿ. ಬಾಗಿಲು ತೆಗೆಯುವುದು, ಕಸ ಗುಡಿಸುವುದು, ಪುಸ್ತಕ ಕೊಡುವುದು, ಗೆದ್ದಲು ಬಂದರೆ ಬೈಯುವುದು, ಎಲ್ಲ ನಾನೇ. ನಮ್ಮದು ಒಂದೇ ಕೋಣೆ. ಹಿಂದೆ ಅದು ರೇಷನ್ ಅಂಗಡಿಯ ಗೋದಾಮಾಗಿತ್ತು. ಈಗಲೂ ಥಂಡಿ ಹಿಡಿದ ದಿನ ನೆಲದಿಂದ ಸೀಮೆಎಣ್ಣೆಯ ವಾಸನೆ ಏಳುತ್ತದೆ. ಒಬ್ಬಳೇ ಕೂತಿದ್ದಾಗ ಆ ವಾಸನೆ ಬಂದರೆ ಯಾರೋ ಡಬ್ಬ ಹಿಡಿದು ಬಾಗಿಲಲ್ಲಿ ನಿಂತ ಹಾಗಾಗುತ್ತದೆ. ತಲೆ ಎತ್ತಿ ನೋಡಿದರೆ ಯಾರೂ ಇರುವುದಿಲ್ಲ. ಮೊದಲೆಲ್ಲ ಇದಕ್ಕೆ ನಾನೇ ನಗುತ್ತಿದ್ದೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರೂ ತಾಲ್ಲೂಕಿನ ನಮ್ಮಂಥವರು ಸೇರಿ ಒಂದು ಸಂಘ ಮಾಡಿಕೊಂಡಿದ್ದೇವೆ. ಒಂದು ರಬ್ಬರ್ ಸ್ಟ್ಯಾಂಪು, ಒಂದು ವಾಟ್ಸಾಪ್ ಗುಂಪು, ರಜೆಯ ಸೋಮವಾರ ಎಲ್ಲಾದರೂ ಸೇರಿ ಕಾಫಿ ಕುಡಿಯುವುದು, ಸಂಘ ಅಂದರೆ ಇಷ್ಟೇ. ಅಧ್ಯಕ್ಷರು ಎನ್.ಆರ್. ಪುರದ ಕಡೆಯವರು, ನಿವೃತ್ತಿಗೆ ಹತ್ತಿರ ಬಂದವರು. ಒಂದು ವಾಕ್ಯ ಶುರು ಮಾಡಿ ಮುಗಿಸುವಷ್ಟರಲ್ಲಿ ನಮ್ಮ ಕಾಫಿ ಆರಿರುತ್ತದೆ. ಆದರೆ ಮುಗಿಸುತ್ತಾರೆ, ಬಿಡುವುದಿಲ್ಲ.

ಆ ಸೋಮವಾರ ನಾವು ಸೇರಿದ್ದು ಕೊಪ್ಪದ ಹತ್ತಿರದ ಬಾಳಗಡಿಯಲ್ಲಿ, ಕಾಲೇಜಿನ ಹತ್ತಿರದ ಒಂದು ಅಂಗಡಿಯ ಮಹಡಿಯ ಮೇಲೆ. ಓದುಗರು ಕಡಿಮೆಯಿರುವ ಲೈಬ್ರರಿಗಳನ್ನು ಮುಚ್ಚಿ ಪಕ್ಕದ ಪಂಚಾಯಿತಿಗೆ ಸೇರಿಸುತ್ತಾರೆ ಅಂತ ಸುದ್ದಿ ಎದ್ದಿತ್ತು. ಎಲ್ಲರ ಮುಖ ಬಾಡಿಹೋಗಿತ್ತು. ಮನವಿ ಕೊಡೋಣ ಅಂದರು ಒಬ್ಬರು. ಮನವಿ ಕೊಟ್ಟರೆ ಇಟ್ಟುಕೊಳ್ಳುತ್ತಾರೆ ಅಷ್ಟೇ ಅಂದರು ಇನ್ನೊಬ್ಬರು. ಆಗ ಬಾಯಿ ಹಾಕಿದವಳು ನಾನು.

"ಓದೋರು ಇದಾರೆ ಅಂತ ಕಣ್ಣಿಗೆ ಕಾಣೋ ಹಾಗೆ ಮಾಡೋಣ. ಲೈಬ್ರರಿ ಜಗಲಿ ಗೋಡೆಗೆ ಕರಿ ಬಣ್ಣ ಬಳಿದು ಬೋರ್ಡ್ ಮಾಡೋಣ. ಈ ತಿಂಗಳು ಯಾರು ಓದಿದ್ರು, ಯಾವ ಪುಸ್ತಕ ಓದಿದ್ರು, ರಸ್ತೆಗೆ ಕಾಣೋ ಹಾಗೆ ಬರೆಯೋಣ. ಆಗ ಯಾರು ಮುಚ್ತಾರೋ ನಾನೂ ನೋಡ್ತೀನಿ!"

ಚಪ್ಪಾಳೆ ಬಿತ್ತು. ಅಧ್ಯಕ್ಷರು ಕೂಡ ಈ ಸಲ ಬೇಗ ಮಾತು ಮುಗಿಸಿ, "ಒಳ್ಳೇದು, ಎಲ್ಲರೂ ಮಾಡಿ," ಅಂದರು. ನಾನು ಬಸ್ಸಿನಲ್ಲಿ ಬರುವಾಗ ಕಿಟಕಿಯಲ್ಲಿ ನನ್ನ ಮುಖ ನೋಡಿಕೊಂಡು ಬೀಗಿದ್ದೆ. ಈಗ ಆ ಮುಖಕ್ಕೆ ಎರಡು ಬಾರಿಸಬೇಕು ಅನ್ನಿಸುತ್ತದೆ.

ನನ್ನ ಅಕ್ಷರ ದುಂಡಗಿದೆ. ಇದನ್ನು ಹೇಳಿಕೊಳ್ಳುವುದು ಜಂಬವೇ, ಇರಲಿ. ಶಾಲೆಯಲ್ಲಿ ಓದುವಾಗಿಂದ ಬೋರ್ಡು ಬರೆಯಲು ನನ್ನನ್ನೇ ಕರೆಯುತ್ತಿದ್ದರು. ಬಿಳಿ ಬಣ್ಣದಲ್ಲಿ ಸಣ್ಣ ಕುಂಚ ಹಿಡಿದು, ಒಂದೊಂದು ಹೆಸರಿನ ಹಿಂದೆ ಮನೆಯ ಹೆಸರನ್ನೂ ಸೇರಿಸಿ, ಮುಂದೆ ಪುಸ್ತಕದ ಹೆಸರು ಬರೆದೆ. ನಮ್ಮಲ್ಲಿ ಮನೆಯ ಹೆಸರು ಹೇಳದಿದ್ದರೆ ಯಾರೆಂದು ಗೊತ್ತಾಗುವುದಿಲ್ಲವಲ್ಲ. ಬರೆದು ಮುಗಿಸಿ ರಸ್ತೆಗೆ ಹೋಗಿ ನಿಂತು ನೋಡಿದೆ. ಅಲ್ಲಿಗೂ ಸ್ಪಷ್ಟವಾಗಿ ಓದಲು ಬರುತ್ತಿತ್ತು. ಪಂಚಾಯಿತಿ ಮೆಂಬರೊಬ್ಬರು ಫೋಟೋ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಮುಚ್ಚುವ ಮಾತು ನಿಜವಾಗಿಯೂ ತಣ್ಣಗಾಯಿತು. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಬೋರ್ಡಿನಲ್ಲಿದ್ದ ಒಂದು ಹೆಸರು ಒಬ್ಬ ಹೆಣ್ಣುಮಗಳದು. ವಯಸ್ಸು ಮೂವತ್ತರ ಆಚೀಚೆ. ಗಂಡ ತೀರಿಹೋಗಿ ಎರಡು ವರ್ಷ, ಮಕ್ಕಳಿಲ್ಲ, ಭಾವಂದಿರ ಮನೆಯಲ್ಲಿದ್ದಳು. ಎದುರಿನ ಗಿರಣಿಗೆ ಅಕ್ಕಿ ತರುತ್ತಿದ್ದಳು. ಗಿರಣಿಯಲ್ಲಿ ಅವಳ ಸರದಿ ಬಂದು ಹಿಟ್ಟಾಗುವ ತನಕ ನಮ್ಮಲ್ಲಿ ಕೂತು ಓದುವಳು. ಮೊದಮೊದಲು ಅಡುಗೆ ಪುಸ್ತಕ, ಆಮೇಲೆ ಕಥೆ. ಒಂದು ದಿನ ಮೆಲ್ಲಗೆ ಕೇಳಿದಳು, "ಅಕ್ಕ, ಗಂಡ ಸತ್ತರೆ ಹೆಂಡತಿಗೆ ಜಮೀನಿನಲ್ಲಿ ಎಂತ ಬರ್ತದೆ ಅಂತ ಬರೆದಿದ್ದು ಯಾವುದಾದ್ರೂ ಉಂಟಾ?"

ಇತ್ತು. ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಬಗ್ಗೆ ಸರಳವಾಗಿ ಬರೆದ ತೆಳ್ಳಗಿನ ಪುಸ್ತಕ, ಯಾರೂ ಮುಟ್ಟದೆ ಕೂತಿತ್ತು. ಹದಿನೈದು ನಿಮಿಷಕ್ಕೆ ಎರಡು ಪುಟ ಓದುವಳು. ಗೆರೆಯ ಕೆಳಗೆ ಬೆರಳಿಟ್ಟು, ತುಟಿ ಕಚ್ಚಿಕೊಂಡು ಓದುವಳು. ಪುಟದ ಅಂಚಿಗೆಲ್ಲ ಹಿಟ್ಟಿನ ಬೆರಳಚ್ಚು. "ಮನೆಗೆ ತಗೊಂಡು ಹೋಗು ಮಾರಾಯ್ತಿ, ಹೀಗೆ ಓದಿದರೆ ಮುಗಿಯೋದು ಯಾವಾಗ?" ಅಂದೆ. "ಬೇಡ ಅಕ್ಕ," ಅಂದಳು. "ಎಂತ ಹೆದರಿಕೆ? ಪುಸ್ತಕ ಕಚ್ಚುತ್ತದಾ?" ಅಂತ ತಮಾಷೆ ಮಾಡಿದೆ. ನಾಚಿಕೊಂಡು, ಚೀಲದಲ್ಲಿ ಹಿಟ್ಟಿನ ಡಬ್ಬದ ಕೆಳಗಿಟ್ಟುಕೊಂಡು ಹೋದಳು. ಮನೆಗೆ ಕೊಟ್ಟಿದ್ದನ್ನು ರಿಜಿಸ್ಟರಿನಲ್ಲಿ ಬರೆಯಬೇಕು, ಬರೆದೆ. ರಿಜಿಸ್ಟರಿನಲ್ಲಿ ಇದ್ದದ್ದು ತಿಂಗಳ ಮೊದಲ ದಿನ ಗೋಡೆಗೆ ಹೋಯಿತು. ಅವಳ ಹೆಸರು, ಮನೆಯ ಹೆಸರು, ಪುಸ್ತಕದ ಹೆಸರು. ಆ ಪುಸ್ತಕದ ಹೆಸರಿನಲ್ಲಿ 'ಆಸ್ತಿ' ಅನ್ನುವ ಪದ ಇತ್ತು. ನಾನು ಅದನ್ನೂ ದುಂಡಗೆ ಬರೆದಿದ್ದೆ.

ಆ ಮನುಷ್ಯ ಮೊದಲ ಸಲ ಬಂದದ್ದು ಅದೇ ವಾರ.

ಬೆಳಿಗ್ಗೆ ಬಾಗಿಲು ತೆಗೆಯಲು ಹೋದರೆ ಕಾವಳ ದಟ್ಟವಾಗಿತ್ತು, ಎದುರಿನ ಗಿರಣಿ ಕೂಡ ಕಾಣುತ್ತಿರಲಿಲ್ಲ. ಜಗಲಿಯಲ್ಲಿ ಯಾರೋ ಬೋರ್ಡಿಗೆ ಮುಖ ಮಾಡಿ ನಿಂತಿದ್ದರು. ಅರವತ್ತು ದಾಟಿರಬಹುದು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪಂಚೆ, ಹೆಗಲಿಗೆ ಬಟ್ಟೆಯ ಚೀಲ. ಚಪ್ಪಲಿ ಮೆಟ್ಟಿಲ ಕೆಳಗೆ, ಮೂತಿ ರಸ್ತೆಯ ಕಡೆಗಿಟ್ಟು ಜೋಡಿಸಿದ್ದರು. ಬೋರ್ಡನ್ನು ಓದುತ್ತಿದ್ದರು. ಸುಮ್ಮನೆ ಕಣ್ಣಾಡಿಸುವುದಲ್ಲ, ಜಪ ಮಾಡುವವರ ಹಾಗೆ ತುಟಿ ಅಲ್ಲಾಡುತ್ತಿತ್ತು. ಒಂದು ಸಾಲು ಮುಗಿದ ಮೇಲೆ ಕಣ್ಣು ಮುಚ್ಚಿ, ಮತ್ತೆ ತೆರೆದು ಮುಂದಿನ ಸಾಲಿಗೆ ಹೋಗುತ್ತಿದ್ದರು.

"ಬನ್ನಿ, ಒಳಗೆ ಕೂತ್ಕೊಳ್ಳಿ. ಪೇಪರ್ ಈಗ ಬರ್ತದೆ," ಅಂದೆ.

"ಇಲ್ಲಮ್ಮ. ನನಗೆ ಓದೋದು ಇಲ್ಲೇ ಇದೆ." ದನಿ ಬಹಳ ಮೃದು. "ಯಾರ ಅಕ್ಷರ ಇದು?"

"ನಂದೇ."

"ಕೈ ಚೆನ್ನಾಗಿದೆ. ಅಳಿಸಬೇಡಿ."

ನಾನು ಖುಷಿಯಿಂದ ಒಳಗೆ ಹೋದೆ. ಕಿಟಕಿ ತೆರೆದು ನೋಡುವಾಗ ಅವರು ಇರಲಿಲ್ಲ. ಶೃಂಗೇರಿ ಕಡೆಯ ಯಾರೋ ಹಿರಿಯರು, ಬಸ್ಸಿಗೆ ಕಾಯುತ್ತ ಬಂದಿರಬೇಕು ಅಂದುಕೊಂಡೆ.

ಮತ್ತೆ ಬಂದರು. ವಾರಕ್ಕೊಮ್ಮೆ, ಕೆಲವು ವಾರ ಎರಡು ಸಲ. ಒಂದೇ ಒಂದು ಸಲವೂ ಹೊಸಿಲು ದಾಟಲಿಲ್ಲ, ಪುಸ್ತಕ ಮುಟ್ಟಲಿಲ್ಲ. ನಮ್ಮೂರ ಕೆಂಪು ಮಣ್ಣು ಗೊತ್ತಿರುವವರಿಗೆ ಗೊತ್ತು, ಜೂನಿನಲ್ಲಿ ಹತ್ತು ಹೆಜ್ಜೆ ನಡೆದರೆ ಚಪ್ಪಲಿ ಎರಡು ಕಿಲೋ ಆಗುತ್ತದೆ. ಅವರ ಚಪ್ಪಲಿಗೆ ಒಂದು ಚೂರು ಮಣ್ಣಿರಲಿಲ್ಲ. ಕಾರಿನಲ್ಲಿ ಬರುತ್ತಾರೇನೋ ಅಂದುಕೊಂಡೆ. ಆದರೆ ಕಾರಿನ ಸದ್ದು ಕೇಳಿದ ನೆನಪೇ ಇಲ್ಲ.

ಆಮೇಲೆ ಪೊಟ್ಟಣಗಳು ಶುರುವಾದವು. ಒಂದು ಬೆಳಿಗ್ಗೆ ಹೊಸಿಲಿನ ಮೇಲೆ ಹಳೆಯ ಪೇಪರಿನಲ್ಲಿ ಸುತ್ತಿ, ಬಾಳೆನಾರಿನಲ್ಲಿ ಕಟ್ಟಿದ ಪೊಟ್ಟಣ. ಸಾಲಾಗಿ ಮೂರು ಗಂಟು. ಯಾರೋ ಹೂ ಇಟ್ಟು ಹೋಗಿದ್ದಾರೆ ಅಂತ ಬಿಚ್ಚಿದರೆ, ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ಒಯ್ದಿದ್ದ ಪುಸ್ತಕ. ಬೇರೆ ಧರ್ಮದವರ ಪ್ರಾರ್ಥನೆಗಳ ಬಗ್ಗೆ ಇದ್ದದ್ದು. ಸಾಯುವುದರೊಳಗೆ ಎಲ್ಲರ ದೇವರನ್ನೂ ಒಂದು ಸಲ ಮಾತಾಡಿಸಬೇಕು ಅಂತ ನಗುತ್ತ ತೆಗೆದುಕೊಂಡು ಹೋಗಿದ್ದರು. ಸಂಜೆ ರಸ್ತೆಯಲ್ಲಿ ಸಿಕ್ಕರು. "ಯಾಕೆ ಬೇಗ ವಾಪಸ್ ಮಾಡಿದ್ರಿ?" ಅಂದೆ.

"ಕಣ್ಣು ಕಾಣ್ಸಲ್ಲ ಮಾರಾಯ್ತಿ. ಓದೋದು ಬಿಟ್ಟೆ," ಅಂದರು. ಹಾಗೆ ಅಂದವರು ಅಷ್ಟು ದೂರದಲ್ಲಿ ಬರುತ್ತಿದ್ದ ಬಸ್ಸಿನ ಬೋರ್ಡು ಓದಿ, "ನನ್ನ ಬಸ್ಸು," ಅಂತ ಓಡಿದರು. ನನ್ನ ಮುಖ ನೋಡಲಿಲ್ಲ.

ಎರಡನೇ ಪೊಟ್ಟಣದಲ್ಲಿ ಇದ್ದದ್ದು ಹೆಣ್ಣುಮಕ್ಕಳ ದೇಹದ ಬಗ್ಗೆ ಡಾಕ್ಟರೊಬ್ಬರು ಬರೆದ ಪುಸ್ತಕ. ಒಯ್ದವಳು ಪಿಯುಸಿ ಹುಡುಗಿ. ದಿನಾ ನಮ್ಮ ಮುಂದೆಯೇ ಬಾಳಗಡಿಯ ಕಾಲೇಜಿಗೆ ಬಸ್ಸು ಹತ್ತುವವಳು, ಆವತ್ತಿನಿಂದ ಒಂದು ಸ್ಟಾಪ್ ಮುಂದೆ ಹೋಗಿ ಹತ್ತತೊಡಗಿದಳು. ಮೂರನೇ ಪೊಟ್ಟಣದ ಗಂಟು ಬಿಚ್ಚುವಾಗಲೇ ಕೈಗೆ ಹಿಟ್ಟಿನ ಪುಡಿ ತಾಗಿತು. ಕೊನೆಯ ಎರಡು ಅಧ್ಯಾಯಕ್ಕೆ ಮುಂಚೆ ಗುರುತಿಗೆ ಇಟ್ಟಿದ್ದ ಪೊರಕೆ ಕಡ್ಡಿ ಹಾಗೇ ಇತ್ತು. ಅವಳು ಗಿರಣಿಗೆ ಬರುವುದೂ ನಿಂತುಹೋಯಿತು. ಅಕ್ಕಿ ಡಬ್ಬ ಈಗ ಭಾವನ ಬೈಕಿನಲ್ಲಿ ಬರುತ್ತಿತ್ತು.

ಒಂದು ವಾರ ನನಗೆ ಅನ್ನ ಸೇರಲಿಲ್ಲ. ಪೊಟ್ಟಣ ಬಂದ ಮೂವರ ಹೆಸರೂ ಬೋರ್ಡಿನಲ್ಲಿ ಇದ್ದವು. ಅಡುಗೆ ಪುಸ್ತಕದವರು, ಭಕ್ತಿಗೀತೆಯವರು, ಕ್ರಿಕೆಟ್ಟಿನವರು ಎಲ್ಲ ಎಂದಿನಂತೆ ಬರುತ್ತಿದ್ದರು. ಇದೆಲ್ಲ ಕೂಡಿಸಿ ನೋಡಲು ನನಗೆ ಅಷ್ಟು ದಿನ ಬೇಕಾಯಿತಲ್ಲ, ಅದೇ ನಾಚಿಕೆ. ಮುಂದಿನ ಸಲ ಆ ಮನುಷ್ಯ ಬಂದಾಗ ನೇರ ಕೇಳಿಯೇ ಬಿಡಬೇಕು ಅಂತ ಕಾದೆ.

ಬಂದರು. ಓದಿದರು. ನಾನು ಹೊರಗೆ ಬರುವಷ್ಟರಲ್ಲಿ ಚಪ್ಪಲಿ ಮೆಟ್ಟಿ ರಸ್ತೆಗಿಳಿದಿದ್ದರು. ಹಿಂದೆಯೇ ಓಡಿದೆ. ನಮ್ಮ ರಸ್ತೆ ಬಸ್ ಸ್ಟಾಪಿನ ತನಕ ನೇರ, ಎರಡೂ ಕಡೆ ಪಂಚಾಯಿತಿಯ ತಂತಿ ಬೇಲಿ, ತಿರುಗಲು ಒಂದು ದಾರಿಯೂ ಇಲ್ಲ. ಕಾವಳದಲ್ಲಿ ಆ ಬಿಳಿ ಅಂಗಿ ಸ್ವಲ್ಪ ದೂರ ಕಂಡಿತು. ಆಮೇಲೆ ಕಾವಳ ಮಾತ್ರ ಕಂಡಿತು. ಸ್ಟಾಪಿನಲ್ಲಿ ಬಸ್ಸು ನಿಂತಿತ್ತು. ಕಂಡಕ್ಟರನ್ನು ಕೇಳಿದೆ, ಬಿಳಿ ಪಂಚೆಯವರು ಹತ್ತಿದರಾ ಅಂತ. "ಇಲ್ಲಿ ಯಾರೂ ಹತ್ತಿಲ್ಲಕ್ಕ. ನೀವೊಬ್ರೇ ಬಂದಿದ್ದು. ಹತ್ತಿ, ಹೊರಡ್ತೀವಿ," ಅಂದ. ಏದುಸಿರು ಬಿಡುತ್ತ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ.

ಆ ಮಧ್ಯಾಹ್ನವೇ ಗಿರಣಿಗೆ ಬರುತ್ತಿದ್ದ ಆ ಹೆಣ್ಣುಮಗಳ ಮನೆಗೆ ಹೋದೆ. ದೊಡ್ಡ ಭಾವ ಅಂಗಳದಲ್ಲಿ ಪೈಪು ರಿಪೇರಿ ಮಾಡುತ್ತಿದ್ದರು. ಕೂರಿಸಿದರು, ಕಾಫಿ ಕೊಡಿಸಿದರು, ಬಹಳ ಮರ್ಯಾದೆ.

"ಅವಳು ಮನೇಲಿಲ್ಲ. ತವರಿಗೆ ಹೋಗಿದಾಳೆ."

ಅವರ ಹಿಂದೆ ಒಳಕೋಣೆಯ ಕಿಟಕಿ. ಸರಳಿನ ಮೇಲೆ ನಾಲ್ಕು ಬೆರಳು ಇದ್ದವು. ನಾನು ನೋಡಿದ್ದು ಕಂಡು ಆ ಬೆರಳು ಒಂದೊಂದಾಗಿ ಒಳಗೆ ಹೋದವು.

"ನಮ್ಮ ಮನೆ ಹೆಸರು ಅಷ್ಟು ದೊಡ್ಡದಾಗಿ ಬರೆದಿದ್ರಲ್ಲ, ಉಪಕಾರ ಆಯ್ತು," ಅಂದರು ಭಾವ, ಪೈಪಿನಿಂದ ಕಣ್ಣು ಎತ್ತದೆ. "ಇಲ್ಲದಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ ನೋಡಿ."

ಮುಂದಿನ ಸೋಮವಾರ ಸಂಘ ಸೇರಿದ್ದು ಶೃಂಗೇರಿಯಲ್ಲಿ, ಒಂದು ಹೋಟೆಲಿನ ಮೇಲಿನ ಕೋಣೆಯಲ್ಲಿ. ಅಧ್ಯಕ್ಷರು ಬೋರ್ಡಿನ ಯಶಸ್ಸಿನ ಬಗ್ಗೆ ಒಂದು ವಾಕ್ಯ ಶುರು ಮಾಡಿದ್ದರು. ನಾನು ನಡುವೆ ಎದ್ದು ನಿಂತೆ. ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಶೃಂಗೇರಿ ಕಡೆಯ ಗೆಳತಿಯತ್ತ ತಿರುಗಿ, "ಅವರು ನಿಮ್ಮ ಕಡೆಯವರಲ್ವಾ? ಬಿಳಿ ಪಂಚೆ, ಬಟ್ಟೆ ಚೀಲ? ಯಾರವರು?" ಅಂದೆ.

ಅವಳ ಮುಖದ ಬಣ್ಣ ಹೋಯಿತು. "ನಮ್ಮ ಕಡೆಯವರಲ್ಲ. ನಮ್ಮಲ್ಲಿಗೂ ಬರ್ತಾರೆ. ನಾನು ಎನ್.ಆರ್. ಪುರದವರು ಅಂದ್ಕೊಂಡಿದ್ದೆ."

ಅಧ್ಯಕ್ಷರು ಕನ್ನಡಕ ತೆಗೆದರು. "ನಮ್ಮಲ್ಲಿಗೂ ಬರ್ತಾರಲ್ಲ. ಅವರು ಕೊಪ್ಪದವರು ಅಂತ ನಾವೆಲ್ಲ ತಿಳ್ಕೊಂಡಿದ್ವಿ."

ಕೆಳಗೆ ಹೋಟೆಲಿನಲ್ಲಿ ಲೋಟ ತೊಳೆಯುವ ಸದ್ದು ಕೇಳುತ್ತಿತ್ತು. ಗೆಳತಿ ಬ್ಯಾಗಿನಿಂದ ಏನೋ ತೆಗೆದು ಮೇಜಿನ ಮೇಲೆ ಇಟ್ಟಳು. ಒಣಗಿದ ಬಾಳೆನಾರು, ಮೂರು ಗಂಟು. ಯಾಕೆ ಇಟ್ಟುಕೊಂಡಿದ್ದಾಳೆಂದು ಅವಳಿಗೇ ಗೊತ್ತಿರಲಿಲ್ಲ, ಎಸೆಯಲು ಧೈರ್ಯ ಬರಲಿಲ್ಲವಂತೆ. ಅವಳ ಲೈಬ್ರರಿಯ ಒಬ್ಬ ಓದುಗನ ತಾಯಿ ಅವಳಿಗೆ ಹೇಳಿದ್ದರಂತೆ: "ಒಬ್ರು ಹಿರಿಯರು ಮನೆಗೆ ಬಂದ್ರು. ನೀರು ಕೇಳಿ ಕುಡಿದ್ರು. ನಿಮ್ಮ ಮನೆ ಹೆಸರನ್ನ ಲೈಬ್ರರಿ ಗೋಡೆ ಮೇಲೆ ಎಷ್ಟು ಚಂದ ಬರೆದಿದಾರೆ, ಒಂದ್ಸಲ ಹೋಗಿ ನೋಡ್ಕೊಂಡು ಬನ್ನಿ ಅಂದ್ರು. ಪುಸ್ತಕ ಬೇಡ ಅಂದ್ರೆ ನಾನೇ ಒಯ್ದು ಕೊಡ್ತೀನಿ, ನಿಮಗೆ ಯಾಕೆ ಶ್ರಮ ಅಂದ್ರು. ಇನ್ನೊಂದು ಮಾತು ಆಡಿಲ್ಲ."

ಬೆದರಿಸಿಲ್ಲ, ಬೈದಿಲ್ಲ, ಸುಳ್ಳು ಹೇಳಿಲ್ಲ. ನಾವು ಬರೆದದ್ದನ್ನು ಓದಿಕೊಳ್ಳಿ ಅಂದಿದ್ದಾರೆ, ಅಷ್ಟೇ. ಪೊಲೀಸರಿಗೆ ಏನಂತ ದೂರು ಕೊಡುವುದು? ಆ ಮನುಷ್ಯ ಯಾರು ಅಂತ ತಲೆಕೆಡಿಸಿಕೊಂಡು ಅರ್ಧ ಗಂಟೆ ಕಳೆದೆವು. ಒಬ್ಬರಂತೂ ಮನುಷ್ಯರೇ ಹೌದೋ ಅಲ್ಲವೋ ಅಂದುಬಿಟ್ಟರು, ಯಾರೂ ನಗಲಿಲ್ಲ.

ನನಗೆ ಸಿಟ್ಟು ಬಂತು. "ಅವರು ಯಾರಾದ್ರೆ ಎಂತ? ದೆವ್ವವೇ ಆಗಲಿ. ದೆವ್ವಕ್ಕೆ ಪಟ್ಟಿ ಬರೆದುಕೊಟ್ಟಿದ್ದು ನಾವು! ಯಾರ ಮನೆಯಲ್ಲಿ ಯಾರು ಎಂತ ಯೋಚನೆ ಮಾಡ್ತಿದಾರೆ ಅಂತ ರಸ್ತೆಗೆ ಕಾಣೋ ಹಾಗೆ ಬರೆದಿದ್ದು ನಾವು. ನಾನೇ ಹೇಳಿದ್ದು, ನಾನೇ ಬರೆದಿದ್ದು. ನಮ್ಮ ಬಾಗಿಲು ತೆರೆದಿರಲಿ ಅಂತ ಅವರ ಬಾಗಿಲು ಹಾಕಿಸಿದ್ದೀವಿ."

ಎಲ್ಲರೂ ಒಪ್ಪಲಿಲ್ಲ. ಹೆಸರು ತೆಗೆದರೆ ಓದುಗರೇ ಇಲ್ಲ ಅಂತಾರೆ, ಮತ್ತೆ ಮುಚ್ಚುವ ಮಾತು ಬರುತ್ತದೆ, ನಮ್ಮ ಕೆಲಸದ ಗತಿ ಏನು ಅಂದರು. ಅದೇನು ಸುಳ್ಳಲ್ಲ. ನನ್ನ ಮನೆಯೂ ಈ ಸಂಬಳದಲ್ಲೇ ನಡೆಯುವುದು. ಒಬ್ಬರು, "ಬೇಕಾದ್ರೆ ಅಂಥ ಪುಸ್ತಕದ್ದು ಮಾತ್ರ ಬರೆಯೋದು ಬೇಡ," ಅಂದರು. ಆಗ ಅಧ್ಯಕ್ಷರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಹೇಳಿದರು: "ಅಂಥ ಪುಸ್ತಕ ಯಾವುದು ಅಂತ ಪಟ್ಟಿ ಮಾಡೋರು ಯಾರು? ನಾನಾ? ನೀವಾ? ಹಾಗೆ ಪಟ್ಟಿ ಮಾಡೋಕೆ ಕೂತ್ರೆ, ನಾವೂ ಬಿಳಿ ಪಂಚೆ ಉಟ್ಟು, ಹೆಗಲಿಗೆ ಚೀಲ ಹಾಕಿ ಹೊರಡಬಹುದು." ಅಷ್ಟು ವರ್ಷದಲ್ಲಿ ಅವರ ಮಾತು ಮುಗಿಯುವ ತನಕ ನಾನು ಉಸಿರು ಹಿಡಿದದ್ದು ಅದೇ ಮೊದಲು.

ಆವತ್ತು ಸಂಜೆಯ ತನಕ ಕೂತು ನಿರ್ಣಯ ಬರೆದೆವು. ಯಾವ ಗೋಡೆಯ ಮೇಲೂ ಓದುಗರ ಹೆಸರು ಇರಕೂಡದು. ರಿಜಿಸ್ಟರು ಮೇಜಿನ ಮೇಲಲ್ಲ, ಬೀಗದ ಒಳಗೆ. ಯಾರು ಏನು ಓದುತ್ತಾರೆ ಅನ್ನುವುದನ್ನು ಓದುಗರಿಗೆ ಬಿಟ್ಟು ಇನ್ಯಾರಿಗೂ, ಅವರ ಮನೆಯವರಿಗೂ, ಹೇಳುವುದಿಲ್ಲ. ಯಾರೇ ಬಂದು ಒಂದು ಪುಸ್ತಕ ತೆಗೆದುಹಾಕಿ ಅಂದರೆ ಒಬ್ಬರೇ ಉತ್ತರ ಕೊಡಬಾರದು, ಸಂಘ ಕೊಡಬೇಕು. ಓದುಗರಿದ್ದಾರೆ ಅಂತ ತೋರಿಸಲು ಬರಿ ಸಂಖ್ಯೆ ಬರೆದರೆ ಸಾಕು.

ಅದನ್ನು ಹಿಡಿದು ಎಲ್ಲರೂ ಒಟ್ಟಾಗಿ ಮೇಲಿನ ಅಧಿಕಾರಿಯ ಕೋಣೆಗೆ ಹೋದೆವು. ಅಧಿಕಾರಿ ಓದಿ ನಕ್ಕರು. "ಇದೆಲ್ಲ ಬೇಕಾ ನಿಮಗೆ? ಬೋರ್ಡ್ ಎಷ್ಟು ಚೆನ್ನಾಗಿತ್ತು. ತಪ್ಪು ಮಾಡ್ದೋರು ತಾನೇ ಮುಚ್ಚಿಡೋದು?"

ಅಧ್ಯಕ್ಷರು ಕೈ ಚಾಚಿದರು. "ಸರ್, ನಿಮ್ಮ ಮೊಬೈಲ್ ಕೊಡ್ತೀರಾ? ಎರಡು ನಿಮಿಷ ನೋಡಿ ವಾಪಸ್ ಕೊಡ್ತೀನಿ."

ಅಧಿಕಾರಿಯ ಕೈ ತಾನಾಗಿ ಮೊಬೈಲಿನ ಮೇಲೆ ಹೋಗಿ ಕೂತಿತು. ಆಮೇಲೆ ತಾವೇ ಅದನ್ನು ಕಂಡು ಪೆಚ್ಚಾದರು. ನಮ್ಮ ನಿರ್ಣಯಕ್ಕೆ ಸಹಿ ಬಿತ್ತು. ಮೆಟ್ಟಿಲು ಇಳಿಯುವಾಗ ನಾವೆಲ್ಲ ಬಾಯಿ ಮುಚ್ಚಿಕೊಂಡು ನಕ್ಕೆವು. ಆ ಮೂರು ತಿಂಗಳಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಮಾರನೆಯ ಬೆಳಿಗ್ಗೆ ಬೇಗ ಹೋಗಿ ಗೋಡೆಗೆ ಸುಣ್ಣ ಬಳಿದೆ. ಮೊದಲ ಪದರಕ್ಕೆ ಹೆಸರುಗಳು ಹೋಗಲಿಲ್ಲ, ಬೂದಾದ ಕರಿಯ ಮೇಲೆ ಬೆಳ್ಳಗೆ ಕಾಣುತ್ತಿದ್ದವು. ಎರಡನೇ ಪದರ ಬಳಿದೆ, ಮೂರನೆಯದು ಬಳಿದೆ. ಅವಳ ಹೆಸರಿನ ಮೇಲೆ ಎಷ್ಟು ಸಲ ಕುಂಚ ಓಡಿಸಿದೆನೋ. ಕೊನೆಗೂ ಗೋಡೆ ಬೆಳ್ಳಗಾಯಿತು.

ಎರಡು ದಿನ ಬಿಟ್ಟು ಆ ಮನುಷ್ಯ ಬಂದರು. ನಾನು ಒಳಗಿದ್ದೆ, ಕಿಟಕಿಯಿಂದ ಕಂಡೆ. ಚಪ್ಪಲಿ ಜೋಡಿಸಿಟ್ಟರು. ಖಾಲಿ ಗೋಡೆಗೆ ಮುಖ ಮಾಡಿ ನಿಂತರು. ಗಾಬರಿಯಾಗುತ್ತಾರೆ, ಕೇಳುತ್ತಾರೆ ಅಂತ ಕಾದೆ. ತುಟಿ ಅಲ್ಲಾಡತೊಡಗಿತು. ಕಣ್ಣು ಸಾಲಿನಿಂದ ಸಾಲಿಗೆ ಇಳಿಯಿತು. ಅದೇ ಜಾಗದಲ್ಲಿ ನಿಲ್ಲುವುದು, ಅದೇ ಜಾಗದಲ್ಲಿ ಕಣ್ಣು ಮುಚ್ಚುವುದು. ಪೋಸ್ಟ್‌ಮ್ಯಾನ್ ಇದ್ದ ಸಾಲು, ಹುಡುಗಿ ಇದ್ದ ಸಾಲು, ಅವಳಿದ್ದ ಸಾಲು. ಎಲ್ಲ ಓದಿ ಮುಗಿಸಿ ಕಿಟಕಿಯ ಕಡೆ ತಿರುಗಿದರು, ನಾನು ಅಲ್ಲಿದ್ದೇನೆ ಅಂತ ಮೊದಲೇ ಗೊತ್ತಿದ್ದವರ ಹಾಗೆ.

"ಅಷ್ಟು ಚಂದದ ಅಕ್ಷರ ಮರೆಯೋಕಾಗುತ್ತಾ ಅಮ್ಮ?" ಅಂದರು, ಅದೇ ಮೃದು ದನಿಯಲ್ಲಿ.

ಅವರು ನಿಧಾನವಾಗಿ ಇಳಿದು ಹೋದರು. ಆಮೇಲೆ ನಮ್ಮ ಯಾರ ಲೈಬ್ರರಿಗೂ ಬಂದಿಲ್ಲ. ಯಾರ ಮನೆಯವರು, ಎಲ್ಲಿಯವರು, ಇವತ್ತಿನ ತನಕ ಮೂರು ತಾಲ್ಲೂಕಿನಲ್ಲಿ ಒಬ್ಬರಿಗೂ ಗೊತ್ತಿಲ್ಲ.

ಪೋಸ್ಟ್‌ಮ್ಯಾನ್ ಒಂದು ದಿನ ಬಂದು, ಸುಣ್ಣ ಬಳಿದ ಗೋಡೆಯನ್ನು ನೋಡಿ, ಪೇಪರು ಓದಿ ಹೋದರು. ಆ ಪುಸ್ತಕ ಮತ್ತೆ ಕೇಳಿಲ್ಲ. ನಾನು ಕಾಯುತ್ತಿದ್ದದ್ದು ಅವಳಿಗಾಗಿ. ಆ ಎರಡು ಅಧ್ಯಾಯ ಅವಳು ಓದಬೇಕು, ಯಾರಿಗೂ ತಿಳಿಯದ ಹಾಗೆ ಓದಬೇಕು, ಅದೊಂದಾದರೆ ನನ್ನ ತಪ್ಪು ಸ್ವಲ್ಪವಾದರೂ ತೊಳೆದೀತು ಅಂತ ಒಂದು ಆಸೆ. ಪುಸ್ತಕವನ್ನು ಕಪಾಟಿಗೆ ಇಡದೆ ನನ್ನ ಮೇಜಿನ ಡ್ರಾಯರಿನಲ್ಲೇ ಇಟ್ಟುಕೊಂಡಿದ್ದೆ.

ಬಂದಳು. ಬೇಸಿಗೆಯ ಒಂದು ಮಧ್ಯಾಹ್ನ, ಲೈಬ್ರರಿಯಲ್ಲಿ ನಾನೊಬ್ಬಳೇ ಇದ್ದಾಗ. ಸೊರಗಿದ್ದಳು. ನಾನು ರಿಜಿಸ್ಟರು ತೆಗೆಯದೆ, ಮಾತಾಡದೆ, ಡ್ರಾಯರು ಎಳೆದು ಪುಸ್ತಕ ಅವಳ ಮುಂದಿಟ್ಟೆ.

"ಇಲ್ಲೇ ಇತ್ತಾ!" ಅಂದಳು. ಅದನ್ನು ಮುಟ್ಟಿ, ಮತ್ತೆ ಕೈ ತೆಗೆದಳು. "ಇನ್ನು ಓದಿ ಎಂತ ಆಗ್ಬೇಕು ಅಕ್ಕ. ಸಹಿ ಹಾಕಿ ಆಯ್ತು."

"ಯಾವ ಸಹಿ?"

"ಭಾವಂದಿರು ಗೋಡೆ ನೋಡಿ ಬಂದ ಮೂರನೇ ದಿನಕ್ಕೆ ಕಾರು ಮಾಡಿಕೊಂಡು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರ್ಕೊಂಡು ಹೋದ್ರು. ನನಗೆ ಎಂತದೂ ಬೇಡ, ಎಲ್ಲ ಅವರಿಗೇ ಅಂತ ಪತ್ರ. ಅಲ್ಲಿ ತನಕ ಅವರಿಗೆ ಆ ಯೋಚನೆಯೇ ಇರಲಿಲ್ಲ ಅಕ್ಕ. ಇವಳು ಓದ್ತಿದಾಳೆ ಅಂತ ಗೊತ್ತಾದ ಮೇಲೆ ಹೆದರಿದ್ರು."

ನಾನು ಅವಳ ಮನೆಗೆ ಹೋಗಿ ಕಾಫಿ ಕುಡಿದ ದಿನ ಅದೆಲ್ಲ ಮುಗಿದುಹೋಗಿತ್ತು. ಸಂಘ, ನಿರ್ಣಯ, ಅಧಿಕಾರಿಯ ಸಹಿ, ಸುಣ್ಣ, ಎಲ್ಲ ಅದಾದ ಮೇಲಿನದು.

ಅವಳು ಕಡ್ಡಿ ಇದ್ದ ಪುಟ ತೆರೆದು ಓದತೊಡಗಿದಳು. ನಾನು ಹೋಗಿ ಬಾಗಿಲು ಅರ್ಧ ಮುಂದೆ ಮಾಡಿ, ಹೊರಗಿನ ಮೆಟ್ಟಿಲು ಒಂದು ಸಲ ನೋಡಿ ಬಂದೆ. ಗೆರೆಯ ಕೆಳಗೆ ಬೆರಳಿಟ್ಟು, ತುಟಿ ಕಚ್ಚಿಕೊಂಡು, ಮೊದಲಿನಂತೆಯೇ ಓದುತ್ತಿದ್ದಳು. ಸುಮಾರು ಹೊತ್ತಾದ ಮೇಲೆ ತಲೆ ಎತ್ತದೆ ಕೇಳಿದಳು, "ಹೆದರಿಸಿ ಹಾಕಿಸಿದ ಸಹಿಯನ್ನ ಕೋರ್ಟಿನಲ್ಲಿ ಪ್ರಶ್ನೆ ಮಾಡ್ಬಹುದು ಅಂತ ಇದೆ. ಹೌದಾ?"

"ನನಗೆ ಗೊತ್ತಿಲ್ಲ. ಕೊಪ್ಪದಲ್ಲಿ ವಕೀಲರನ್ನ ಕೇಳೋಣ. ನಾನೂ ಬರ್ತೀನಿ." ಅವಳ ಎದುರಿಗೆ ಕೂತೆ. "ನನ್ನಿಂದ ಆಗಿದ್ದು ಇದು. ಆ ಬೋರ್ಡ್ ಬರೆಯದಿದ್ರೆ ನೀನು ಇದನ್ನ ಮೊದಲೇ ಓದಿ ಮುಗಿಸ್ತಿದ್ದೆ. ಬೈದುಬಿಡು ಒಂದ್ಸಲ."

"ಬೈಯೋಕೆ ಬಂದಿದ್ದಲ್ಲ ಅಕ್ಕ." ಪುಟದ ಮೇಲೆ ಬೆರಳಿಟ್ಟುಕೊಂಡೇ ನನ್ನನ್ನು ನೋಡಿದಳು. "ಮೊದಲ ದಿನ ಆ ಬೋರ್ಡ್ ನೋಡಿದಾಗ ನನಗೆ ಎಷ್ಟು ಖುಷಿ ಆಗಿತ್ತು ಗೊತ್ತಾ? ಹಿಟ್ಟು ಮಾಡ್ಸೋದು ಇಲ್ಲದಿದ್ರೂ ಇನ್ನೊಂದ್ಸಲ ಬಂದು ನೋಡ್ಕೊಂಡು ಹೋಗಿದ್ದೆ. ಮದುವೆ ಆದ ಮೇಲೆ ನನ್ನ ಹೆಸರನ್ನ ಪೂರ್ತಿಯಾಗಿ ಬರೆದಿದ್ದು ಎರಡೇ ಸಲ. ಒಂದು ಸಲ ನೀವು. ಇನ್ನೊಂದು ಸಲ ಆ ಪತ್ರದಲ್ಲಿ."

ಹಾಗೆಂದು ಮತ್ತೆ ಪುಸ್ತಕಕ್ಕೆ ಬಗ್ಗಿದಳು. ಇನ್ನೂ ಒಂದು ಅಧ್ಯಾಯ ಬಾಕಿಯಿತ್ತು.